ಬಿಸಿಲೂರಿನಲ್ಲಿ ಕಾರ್ಟೂನ್ ಸೆಲ್: ಮೊದಲು ಪೆನ್ಸಿಲ್ ಹಾಳೆ ಕೊಳ್ಳಿ

ಹಳೆಯ ಕಾರ್ಟೂನ್ ಸೆಲ್ ಇರುವ ಲಕೋಟೆ ಬಿಚ್ಚಿದಾಗ ಗೋಬಿ ಮಂಚೂರಿ ಗಾಡಿಯ ವಿನೆಗರ್ ವಾಸನೆ ಮೂಗಿಗೆ ಬಡಿದರೆ, ಆ ಹಾಳೆ ಸಾಯಲು ಶುರುವಾಗಿದೆ ಎಂದೇ ಅರ್ಥ. ಸೆಲ್ ಎಂದರೆ ಕಾರ್ಟೂನಿನ ಪಾತ್ರವನ್ನು ಬಣ್ಣದಲ್ಲಿ ಬರೆದ, ಸೆಲ್ಯುಲೋಸ್ ಅಸಿಟೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ತೆಳು ಹಾಳೆ. ಬಿಸಿಯೂ ತೇವವೂ ಸೇರಿದರೆ ಅದರೊಳಗಿಂದ ಅಸಿಟಿಕ್ ಆಮ್ಲ ಹೊರಬೀಳುತ್ತದೆ. ಹೊರಬಿದ್ದ ಆಮ್ಲವೇ ಉಳಿದ ಪ್ಲಾಸ್ಟಿಕ್ಕನ್ನು ಇನ್ನಷ್ಟು ಬೇಗ ಒಡೆಯುತ್ತದೆ. ಹಾಳೆ ಕುಗ್ಗಿ ಹಪ್ಪಳದಂತೆ ಸೊಟ್ಟಗಾಗುತ್ತದೆ, ಜೊತೆಗೆ ಕುಗ್ಗಲಾರದ ಬಣ್ಣ ಹಕ್ಕಳೆ ಏಳುತ್ತದೆ. ಒಮ್ಮೆ ಶುರುವಾದದ್ದನ್ನು ನಿಧಾನ ಮಾಡಬಹುದು, ಹಿಂದಕ್ಕೆ ತರಲಾಗದು.

ಬಳ್ಳಾರಿಗೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಎಂಬ ಹಳೇ ಮಾತಿದೆ. ರಾಯಚೂರಿನವರು ಅದನ್ನು ಜೋಕೆಂದೂ ಒಪ್ಪುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ದಾಟುವ ಊರಿನಲ್ಲಿ ಅನಿಮೇಷನ್ ಚಿತ್ರಗಳ ಮೂಲ ಕೃತಿಗಳನ್ನು ಕೂಡಿಡಲು ಹೊರಟವರು ಅಮೆರಿಕದ ಸಂಗ್ರಾಹಕರ ಸಲಹೆಯನ್ನು ಹಾಗೇ ಪಾಲಿಸಿದರೆ ಕೆಡುತ್ತಾರೆ. ಅಲ್ಲಿನವರು 'ಇಷ್ಟವಾದ ಸೆಲ್ ಕೊಳ್ಳಿ' ಎನ್ನುತ್ತಾರೆ. ಇಲ್ಲಿನವರಿಗೆ ಹೇಳಬೇಕಾದದ್ದು ಬೇರೆ: ಮೊದಲ ಒಂದು ವರ್ಷ ಸೆಲ್ ತಂಟೆಗೇ ಹೋಗಬೇಡಿ, ಪೆನ್ಸಿಲ್ ಹಾಳೆ ಕೊಳ್ಳಿ.

ಇದು ಬರೀ ಬಿಸಿಲಿನ ಲೆಕ್ಕವಲ್ಲ. ಚಿತ್ರಕ್ಕೆ ಜೀವ ಕೊಟ್ಟ ಕೈ ಮುಟ್ಟಿದ್ದು ಕಾಗದವನ್ನು. ಅನಿಮೇಟರ್ ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ಲಿನಲ್ಲಿ ಬರೆಯುತ್ತಾನೆ. ಸಹಾಯಕ ಅದನ್ನು ಅಚ್ಚುಕಟ್ಟು ಮಾಡುತ್ತಾನೆ, ಇನ್ನೊಬ್ಬ ನಡುವಿನ ಭಂಗಿಗಳನ್ನು ತುಂಬುತ್ತಾನೆ. ಅದಾದ ಮೇಲೆ ಬೇರೆ ವಿಭಾಗದವರು ಗೆರೆಯನ್ನು ಸೆಲ್ ಮೇಲೆ ಇಳಿಸಿ, ಹಾಳೆ ಮಗುಚಿ, ಹಿಂಬದಿಗೆ ಬಣ್ಣ ತುಂಬುತ್ತಾರೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಒಂದು ಚಿತ್ರವನ್ನು ಎರಡೆರಡು ಫ್ರೇಮ್ ಹಿಡಿದರೂ ಸೆಕೆಂಡಿಗೆ 12 ಚಿತ್ರ, ನಿಮಿಷಕ್ಕೆ 720. ಅದೂ ಒಂದು ಪಾತ್ರಕ್ಕೆ. ಹಾಗಾಗಿ ಪೆನ್ಸಿಲ್ ಹಾಳೆಗಳು ರಾಶಿ ರಾಶಿ ಉಳಿದಿವೆ, ಅದೇ ದೃಶ್ಯದ ಸೆಲ್‌ಗಿಂತ ಸಾಮಾನ್ಯವಾಗಿ ಬಹಳ ಅಗ್ಗ. ಕಾಗದಕ್ಕೆ ನಮ್ಮ ಸೆಕೆ ಹಿತವಲ್ಲ, ಆದರೆ ಅಸಿಟೇಟ್‌ನಷ್ಟು ಬೇಗ ಅದು ಸೋಲುವುದಿಲ್ಲ.

ನಮ್ಮ ಕಡೆಯವರಿಗೆ ಸೆಲ್ ಎಂದ ತಕ್ಷಣ ತೊಗಲು ಗೊಂಬೆ ನೆನಪಾಗುವುದು ಸಹಜ. ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದ ಮೇಲಂತೂ ಹೆಚ್ಚು. ಹೋಲಿಕೆ ಅರ್ಧ ಸರಿ. ತೊಗಲಿನಲ್ಲಿ ಬೆಳಕು ಹಿಂದಿನಿಂದ ಹಾಯ್ದು ಬಣ್ಣ ಹೊಳೆಯಬೇಕು. ಸೆಲ್‌ನಲ್ಲಿ ಬಣ್ಣ ಗಟ್ಟಿ, ಬೆಳಕು ಮುಂದಿನಿಂದ ಬೀಳುತ್ತದೆ, ಹಿಂದಿನ ಹಿನ್ನೆಲೆ ಚಿತ್ರ ಪಾತ್ರದ ಮೈಯೊಳಗಿಂದ ಕಾಣಬಾರದು. ಆದ್ದರಿಂದಲೇ ಸೆಲ್‌ನ ಬೆನ್ನ ಮೇಲೆ ಬಣ್ಣ ಸಗಣಿ ಸಾರಿಸಿದಂತೆ ದಪ್ಪಗೆ, ಏರುಪೇರಾಗಿ ಇರುತ್ತದೆ. ಬೆನ್ನು ನುಣ್ಣಗಿದ್ದರೆ ಅನುಮಾನಪಡಬೇಕು. ಆ ಮಾತಿಗೆ ಆಮೇಲೆ ಬರೋಣ.

ಪೆನ್ಸಿಲ್ ಹಾಳೆಯನ್ನು ಓದಲು ಕಲಿಯುವುದೇ ನಿಜವಾದ ಮೊದಲ ಪಾಠ. ಒಂದು ಹಾಳೆ ಎದುರಿಗಿದೆ ಎಂದುಕೊಳ್ಳಿ. ಮೇಲಂಚಿನಲ್ಲೋ ಕೆಳಅಂಚಿನಲ್ಲೋ ಮೂರು ರಂಧ್ರ: ನಡುವೆ ದುಂಡನೆಯದು, ಎರಡು ಬದಿಗೆ ಉದ್ದನೆಯವು. ಇವು ಪೆಗ್ ರಂಧ್ರಗಳು. ಎಲ್ಲ ಹಾಳೆಗಳೂ, ಸೆಲ್ ಕೂಡ, ಒಂದೇ ಗೂಟದ ಮೇಲೆ ಕೂತರೆ ಮಾತ್ರ ಚಿತ್ರ ನಡುಗುವುದಿಲ್ಲ. ಅಮೆರಿಕದ ಆಕ್ಮೆ ಅಳತೆಗೂ ಜಪಾನಿನ ಅಳತೆಗೂ ವ್ಯತ್ಯಾಸವಿದೆ. ಡಿಸ್ನಿಯ ಬಹಳ ಹಳೆಯ ಹಾಳೆಗಳಲ್ಲಿ ಎರಡೇ ದುಂಡು ರಂಧ್ರ ಕಾಣುತ್ತವೆ. ಮೂಲೆಯಲ್ಲಿ ಸಂಖ್ಯೆ ಇರುತ್ತದೆ. ಕೆಲವು ಸಂಖ್ಯೆಗಳ ಸುತ್ತ ವೃತ್ತ ಬಿಡಿಸಿದ್ದರೆ ಅದು ಕೀ ಚಿತ್ರ, ಅಂದರೆ ಚಲನೆಯ ಮುಖ್ಯ ಭಂಗಿ. ಬದಿಯಲ್ಲಿ ಒಂದು ಉದ್ದ ಗೆರೆ, ಅದಕ್ಕೆ ಏಣಿಯಂತೆ ಚಿಕ್ಕ ಅಡ್ಡಗೆರೆಗಳು ಕಂಡರೆ ಅದೃಷ್ಟ ಒಳ್ಳೆಯದಿದೆ: ಅದು ಟೈಮಿಂಗ್ ಚಾರ್ಟ್. ಎರಡು ಕೀ ಭಂಗಿಗಳ ನಡುವೆ ಎಷ್ಟು ಚಿತ್ರ ಬರಬೇಕು, ಯಾವ ಕಡೆಗೆ ಒತ್ತಾಗಿರಬೇಕು ಎಂದು ಅನಿಮೇಟರ್ ಸಹಾಯಕನಿಗೆ ಕೊಟ್ಟ ಸೂಚನೆ. ಅಡ್ಡಗೆರೆಗಳು ಒಂದು ತುದಿಯಲ್ಲಿ ಕಿಕ್ಕಿರಿದಿದ್ದರೆ ಅಲ್ಲಿ ಚಲನೆ ನಿಧಾನ. ಚಾರ್ಟ್ ಇರುವ ಕೀ ಹಾಳೆಗೆ ಬೆಲೆ ಹೆಚ್ಚು, ಇರಬೇಕಾದದ್ದೇ. ನಡುವಿನ ಹಾಳೆ ನೋಡಲು ಅದಕ್ಕಿಂತ ಚೊಕ್ಕಟವಾಗಿರಬಹುದು. ಆದರೂ ಗೀಚುಗೀಚಾದ ಕೀ ಹಾಳೆಯೇ ಮೇಲು ಎನ್ನುವುದು ನಮ್ಮ ಪಕ್ಷಪಾತ.

ಜಪಾನಿನ ಹಾಳೆಗಳಿಗೆ ಅವರದೇ ಹೆಸರುಗಳಿವೆ, ಮಾರಾಟದ ಪುಟದಲ್ಲಿ ಅವೇ ಕಾಣುತ್ತವೆ. ಗೆಂಗಾ ಎಂದರೆ ಕೀ ಚಿತ್ರ. ದೌಗಾ ಎಂದರೆ ಸೆಲ್‌ಗೆ ಇಳಿಸಲು ಸಿದ್ಧಮಾಡಿದ ಶುದ್ಧ ರೇಖಾಚಿತ್ರ. ನೆರಳು ಬೀಳುವ ಜಾಗವನ್ನು ಬಣ್ಣದ ಪೆನ್ಸಿಲ್ಲಿನಲ್ಲಿ ಗುರುತಿಸಿರುತ್ತಾರೆ. ಶೂಸೇ ಎಂದರೆ ಅನಿಮೇಷನ್ ನಿರ್ದೇಶಕ ಹೆಚ್ಚಾಗಿ ಹಳದಿಯಂಥ ಬಣ್ಣದ ಕಾಗದದ ಮೇಲೆ ಮಾಡಿದ ತಿದ್ದುಪಡಿ. ಬರೀ ಮುಖವಷ್ಟೇ ಇರುವ ಇಂಥ ಹಾಳೆಯನ್ನು ಹೊಸಬರು ಅರ್ಧಂಬರ್ಧ ಚಿತ್ರವೆಂದು ದಾಟಿ ಹೋಗುತ್ತಾರೆ. ಮುಖ ಮಾತ್ರ ತಪ್ಪಿತ್ತು, ದೊಡ್ಡವರು ಅದನ್ನಷ್ಟೇ ತಿದ್ದಿದರು, ಅಷ್ಟೇ. ಸಾಮಾನ್ಯವಾಗಿ ತಂಡದಲ್ಲಿ ಅತ್ಯಂತ ಪಳಗಿದ ಕೈ ಅದು.

ಸೆಲ್ ಮೇಲಿನ ಗುರುತುಗಳೂ ಸರಳ. ಮೂಲೆಯಲ್ಲಿ ಎ1, ಬಿ7 ಎಂಬಂತೆ ಅಕ್ಷರ ಮತ್ತು ಸಂಖ್ಯೆ. ಅಕ್ಷರ ಪದರವನ್ನು ಹೇಳುತ್ತದೆ: ಎ ಕೆಳಗೆ, ಬಿ ಅದರ ಮೇಲೆ, ಸಿ ಇನ್ನೂ ಮೇಲೆ. ಒಂದು ಪಾತ್ರದ ದೇಹ ಎ ಪದರದಲ್ಲಿ, ಮಾತಾಡುವ ಬಾಯಿ ಬಿ ಪದರದಲ್ಲಿ ಇರುವುದುಂಟು. ಆಗ ಎ ಮಾತ್ರ ಕೊಂಡವರ ಮನೆಗೆ ಬಾಯಿಯಿಲ್ಲದ ನಾಯಕ ಬರುತ್ತಾನೆ. ಚಿತ್ರದಲ್ಲಿ ಮುಖ ಖಾಲಿ ಕಂಡರೆ ಪದರ ಎಷ್ಟು ಎಂದು ಮಾರುವವರನ್ನು ಕೇಳಿ.

ಯಾವುದಕ್ಕೆ ಸೆಲ್ ಇದೆ, ಯಾವುದಕ್ಕೆ ಇಲ್ಲ ಎಂಬುದು ಬಾಯಿಪಾಠವಾಗಿರಬೇಕು. ಡಿಸ್ನಿಯಲ್ಲಿ 1950ರ ದಶಕದವರೆಗೆ ಗೆರೆಯನ್ನೂ ಕೈಯಿಂದಲೇ ಶಾಯಿಯಲ್ಲಿ ಎಳೆಯುತ್ತಿದ್ದರು. ಸೂಕ್ಷ್ಮವಾಗಿ ನೋಡಿದರೆ ತುಟಿಗೆ ಒಂದು ಬಣ್ಣದ ಗೆರೆ, ಕೋಟಿಗೆ ಇನ್ನೊಂದು. 1961ರ 'ಒನ್ ಹಂಡ್ರೆಡ್ ಅಂಡ್ ಒನ್ ಡಾಲ್ಮೇಷನ್ಸ್' ಇಡೀ ಚಿತ್ರಕ್ಕೆ ಝೆರಾಕ್ಸ್ ವಿಧಾನ ಬಂತು, ಪೆನ್ಸಿಲ್ ಗೆರೆ ನೇರ ಸೆಲ್ ಮೇಲೆ ಕಪ್ಪಾಗಿ ಇಳಿಯಿತು. 1989ರ 'ದಿ ಲಿಟ್ಲ್ ಮರ್ಮೇಡ್' ಆದ ಮೇಲೆ, 1990ರ 'ದಿ ರೆಸ್ಕ್ಯೂಅರ್ಸ್ ಡೌನ್ ಅಂಡರ್'ನಿಂದ ಅವರ ಚಲನಚಿತ್ರಗಳ ಬಣ್ಣ ಕಂಪ್ಯೂಟರಿನಲ್ಲೇ. ಅಂದರೆ 1994ರ 'ಲಯನ್ ಕಿಂಗ್'ಗೆ ನಿರ್ಮಾಣದ ಸೆಲ್ ಎಂಬುದೇ ಇಲ್ಲ. 'ಒರಿಜಿನಲ್ ಸೆಲ್' ಎಂದು ಯಾರಾದರೂ ಸಿಂಬಾನನ್ನು ಮಾರಲು ಬಂದರೆ ಅದು ಹೆಚ್ಚಾಗಿ ಸೆರಿಸೆಲ್: ಸೆಲ್ ಹಾಳೆಯ ಮೇಲೆ ಸ್ಕ್ರೀನ್ ಪ್ರಿಂಟ್ ಮಾಡಿದ ಸ್ಮರಣಿಕೆ. ಅದರ ಪೆನ್ಸಿಲ್ ಹಾಳೆಗಳು ಮಾತ್ರ ನಿಜವಾದವು.

ನಮ್ಮ ಮಕ್ಕಳು ನೋಡುವುದನ್ನೇ ತೆಗೆದುಕೊಂಡರೆ, 2008ರಲ್ಲಿ ಹೈದರಾಬಾದಿನಿಂದ ಬಂದ ಛೋಟಾ ಭೀಮ್‌ಗೆ ಸೆಲ್ ಇಲ್ಲ. 1979ರ ಡೋರೆಮಾನ್ ಸರಣಿಯ ಹಳೆಯ ಕಂತುಗಳಿಗೆ ಇದೆ, 2005ರ ಸರಣಿಗೆ ಇಲ್ಲ. 1992ರಲ್ಲಿ ಶುರುವಾದ ಶಿನ್‌ಚಾನ್‌ನ ಆರಂಭದ ಕಂತುಗಳಿಗೆ, 1989ರಿಂದ 1996ರವರೆಗಿನ ಡ್ರ್ಯಾಗನ್ ಬಾಲ್ ಝಡ್‌ಗೆ ಇದೆ. ಗಂಗಾವತಿ, ಆನೆಗೊಂದಿ ಕಡೆಯವರು ಕಣ್ಣಿಡಬಹುದಾದ ಒಂದು ಚಿತ್ರವಿದೆ: ಯೂಗೊ ಸಾಕೊ, ರಾಮ್ ಮೋಹನ್, ಕೋಯಿಚಿ ಸಸಾಕಿ ಸೇರಿ ಮಾಡಿದ ಭಾರತ-ಜಪಾನ್ ರಾಮಾಯಣ, 1990ರ ದಶಕದ ಆರಂಭದ್ದು, ಪೂರ್ತಿ ಕೈಬಣ್ಣದ ಸೆಲ್ ಕೆಲಸ. ಅಂಜನಾದ್ರಿ ಬೆಟ್ಟ ಕಾಣುವ ಮನೆಯಲ್ಲಿ ಕಿಷ್ಕಿಂಧೆಯ ದೃಶ್ಯದ ಹನುಮನ ಒಂದು ಸೆಲ್ ಇದ್ದರೆ ಅದಕ್ಕೊಂದು ಅರ್ಥವಿದೆ, ಹೂಡಿಕೆಯ ಲೆಕ್ಕ ಹಾಳಾಗಲಿ.

ಇನ್ನೊಂದು ಗಡಿ ಹಿಂದಕ್ಕಿದೆ. 1940ರ ದಶಕದವರೆಗಿನ ಸೆಲ್‌ಗಳಲ್ಲಿ ಹೆಚ್ಚಿನವು ಸೆಲ್ಯುಲೋಸ್ ನೈಟ್ರೇಟ್. ಬೆಂಕಿ ತಾಗಿದರೆ ಭಗ್ಗೆಂದು ಹತ್ತುವ ವಸ್ತು. ಬಳ್ಳಾರಿಯ ಮೇ ತಿಂಗಳಲ್ಲಿ ಅದನ್ನು ಬೀರುವಿನಲ್ಲಿ ಇಡುವುದು ಜಾಣತನವಲ್ಲ. ಮಿಕ್ಕಿ ಮೌಸ್‌ನ ಆ ಕಾಲದ ಆಸೆಯನ್ನು ಪೆನ್ಸಿಲ್ ಹಾಳೆಯಲ್ಲೇ ತೀರಿಸಿಕೊಳ್ಳಿ.

ಅಸಲಿಯೋ ಅಲ್ಲವೋ ಎಂದು ತಿಳಿಯಲು 10 ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು, ಗಡಿಯಾರ ರಿಪೇರಿಯವರ ಸಾಮಾನು ಮಾರುವಲ್ಲಿ ಸಿಗುತ್ತದೆ. ಬಣ್ಣದ ಜಾಗದಲ್ಲಿ ಚಿಕ್ಕ ಚುಕ್ಕಿಗಳ ಹೂವಿನಂಥ ವಿನ್ಯಾಸ ಕಂಡರೆ ಅದು ಮುದ್ರಣ. ಪೆಗ್ ರಂಧ್ರವಿಲ್ಲ, ಕೈಬರಹದ ಸಂಖ್ಯೆಯಿಲ್ಲ, ಬೆನ್ನು ನುಣುಪು, ಮುಂದೆ ಚಿನ್ನದ ಮುದ್ರೆ ಎಂದರೆ ಸೆರಿಸೆಲ್. ಸಂಖ್ಯೆಯಿಲ್ಲದೆ ಪಾತ್ರ ಮಾತ್ರ ಬಹಳ ಚೆನ್ನಾಗಿ ನಿಂತಿದ್ದರೆ ಜಾಹೀರಾತಿಗೋ ಸಾಮಗ್ರಿಗಳ ಮೇಲೆ ಅಚ್ಚಿಸಲೋ ಮಾಡಿದ ಸೆಲ್ ಇರಬಹುದು, ಜಪಾನಿನಲ್ಲಿ ಅದಕ್ಕೆ ಹಂಕೆನ್ ಎನ್ನುತ್ತಾರೆ. ಸ್ಟುಡಿಯೋದ್ದೇ ಕೈಕೆಲಸ, ಆದರೆ ತೆರೆಯ ಮೇಲೆ ಬಂದದ್ದಲ್ಲ. ಹಿನ್ನೆಲೆಯ ವಿಷಯದಲ್ಲಿ ಮೋಸಕ್ಕಿಂತ ಅರೆಮಾತು ಹೆಚ್ಚು. 'ಹಿನ್ನೆಲೆ ಸಹಿತ' ಎಂದು ಬರೆದಿದ್ದು ಬಣ್ಣದ ಝೆರಾಕ್ಸ್ ಆಗಿರುತ್ತದೆ. ಕೈಯಿಂದ ಬರೆದ ಮೂಲ ಹಿನ್ನೆಲೆ, ಅದೇ ಶಾಟಿನದ್ದು, ಸೆಲ್ ಜೊತೆ ಸಿಕ್ಕರೆ ಅದಕ್ಕೆ ಕೀ ಸೆಟಪ್ ಎನ್ನುತ್ತಾರೆ. ಬೆಲೆ ಹಲವು ಪಟ್ಟು ಏರುವುದು ಅಲ್ಲಿ.

ಪ್ರಮಾಣಪತ್ರವನ್ನು ನಂಬಿ ಕೊಳ್ಳಬೇಡಿ. ಅದನ್ನು ಯಾರು ಬೇಕಾದರೂ ಪ್ರಿಂಟ್ ಹಾಕಬಹುದು. ಅದಕ್ಕಿಂತ ಗಟ್ಟಿ ಸಾಕ್ಷಿ ಆ ಕಂತನ್ನು ಹಾಕಿ, ನಿಲ್ಲಿಸಿ ನಿಲ್ಲಿಸಿ ನೋಡಿ, ಅದೇ ಫ್ರೇಮ್ ಹುಡುಕುವುದು. ಬೆರಳಿನ ಮಡಿಕೆ, ಕೂದಲ ಎಳೆ, ಬಟ್ಟೆಯ ನೆರಳಿನ ಅಂಚು ಮೂರೂ ಕೂಡಬೇಕು. ಕೂಡಿದರೆ ಆ ಫ್ರೇಮಿನ ಚಿತ್ರ ತೆಗೆದು ಕಂತಿನ ಸಂಖ್ಯೆ, ನಿಮಿಷ, ಸೆಕೆಂಡು ಬರೆದಿಡಿ. ಮುಂದೆ ಮಾರುವುದಾದರೆ ಇದೇ ನಿಮ್ಮ ಪ್ರಮಾಣಪತ್ರ.

ಕೊಳ್ಳುವ ಜಾಗ ಬಳ್ಳಾರಿ, ರಾಯಚೂರು, ಕೊಪ್ಪಳ ಎಂಬ ನಮ್ಮ ಮೂರು ಜಿಲ್ಲೆಯಲ್ಲಿ ಇಲ್ಲವೆಂದೇ ಹೇಳಬೇಕು. ಈಬೇ, ಅಮೆರಿಕದ ಹೆರಿಟೇಜ್ ಆಕ್ಷನ್ಸ್, ಜಪಾನಿನ ಮಂದರಾಕೆ, ಯಾಹೂ ಹರಾಜು: ಎಲ್ಲ ಪರದೆಯ ಮೇಲೆಯೇ. ಯಾಹೂ ಹರಾಜಿನಲ್ಲಿ ನೇರ ಕೊಳ್ಳಲಾಗದು, ಜೆನ್‌ಮಾರ್ಕೆಟ್ ಅಥವಾ ಬೈಯೀಯಂಥ ಮಧ್ಯವರ್ತಿ ಬೇಕು. ಹರಾಜಿನ ಬೆಲೆ ಕೊನೆಯ ಬೆಲೆಯಲ್ಲ. ಹರಾಜು ಮನೆಗಳು ಕೂಗಿದ ಮೊತ್ತದ ಮೇಲೆ ಸಾಮಾನ್ಯವಾಗಿ ಶೇಕಡಾ 20ಕ್ಕೂ ಹೆಚ್ಚು ಕೊಳ್ಳುವವರ ಶುಲ್ಕ ಹಾಕುತ್ತವೆ. ಆಮೇಲೆ ಸಾಗಣೆ, ವಿಮೆ. ನಮ್ಮ ಕಸ್ಟಮ್ಸ್ ಸುಂಕ ಲೆಕ್ಕ ಹಾಕುವುದು ಸರಕಿನ ಬೆಲೆಗೆ ಸಾಗಣೆಯನ್ನೂ ವಿಮೆಯನ್ನೂ ಕೂಡಿಸಿದ ಮೊತ್ತದ ಮೇಲೆ. ಅದರ ಮೇಲೆ ಜಿಎಸ್‌ಟಿ. ಕೊರಿಯರ್‌ನವರು ಕೆವೈಸಿಗೆ ಆಧಾರ್ ಅಥವಾ ಪ್ಯಾನ್ ಕೇಳುತ್ತಾರೆ, ತಡಮಾಡಿದರೆ ಪೊಟ್ಟಣ ಗೋದಾಮಿನಲ್ಲೇ ಕೂರುತ್ತದೆ. ಬಿಲ್ಲಿನಲ್ಲಿ 'ಕೈಯಿಂದ ಬರೆದ ಮೂಲ ಚಿತ್ರ' ಎಂದು ಸ್ಪಷ್ಟವಾಗಿ, ನಿಜವಾದ ಬೆಲೆಯೊಂದಿಗೆ ಬರೆಸಿ. 'ಪೋಸ್ಟರ್', 'ಟಾಯ್' ಎಂದು ಬರೆಸಿದರೆ ಪೊಟ್ಟಣ ಕಳೆದಾಗ ವಿಮೆಯವರೂ ಅದನ್ನೇ ಹಿಡಿಯುತ್ತಾರೆ.

ಇಲ್ಲಿ ನಮ್ಮ ಊರಿನವರಿಗೆ ಮಾತ್ರ ಬೇಕಾದ ಒಂದು ಎಚ್ಚರ: ಸೆಲ್ ಆದರೆ ನವೆಂಬರ್‌ನಿಂದ ಫೆಬ್ರುವರಿಯ ಒಳಗೆ ಮನೆ ಮುಟ್ಟುವ ಹಾಗೆ ತರಿಸಿ. ಬೇಸಿಗೆಯಲ್ಲಿ ಕೊರಿಯರ್ ವ್ಯಾನಿನ ತಗಡಿನ ಪೆಟ್ಟಿಗೆ ನಡುಹಗಲಲ್ಲಿ ಒಲೆಯಾಗಿರುತ್ತದೆ. ಮೆತ್ತಗಾದ ಬಣ್ಣ ಒತ್ತಿಕೊಂಡಿರುವ ಚೀಲಕ್ಕೋ ಕಾಗದಕ್ಕೋ ಅಂಟುತ್ತದೆ. ಮಾರುವವರು ಮಾರ್ಚ್‌ನಲ್ಲಿ ಸಿಕ್ಕರೆ ದುಡ್ಡು ಕೊಟ್ಟು, ಮಧ್ಯವರ್ತಿಯ ಗೋದಾಮಿನಲ್ಲಿ ಎಷ್ಟು ದಿನ ಇಡಬಹುದೆಂದು ಕೇಳಿ. ಉದ್ದ ಕೊಳವೆಯಲ್ಲಿ ಸುತ್ತಿ ಕಳಿಸಲು ಒಪ್ಪಲೇಬೇಡಿ, ಬಾಗಿದರೆ ಬಣ್ಣ ಬಿರುಕು ಬಿಡುತ್ತದೆ. ಎರಡು ಗಟ್ಟಿ ಹಲಗೆಗಳ ನಡುವೆ ಚಪ್ಪಟೆಯಾಗಿ, ಹಲಗೆ ಸೆಲ್‌ಗಿಂತ ಎಲ್ಲ ಕಡೆ ಎರಡು ಬೆರಳು ದೊಡ್ಡದಾಗಿರಬೇಕು. ಬಂದ ದಿನವೇ ಬಿಚ್ಚಬೇಡಿ, ಒಂದು ದಿನ ಕೋಣೆಯಲ್ಲಿಟ್ಟು ಮನೆಯ ಹವೆಗೆ ಹೊಂದಲು ಬಿಡಿ.

ಬಿಚ್ಚಿದ ಮೇಲೆ ಮೊದಲು ಮೂಗು, ಆಮೇಲೆ ಕಣ್ಣು. ಅಂಚಷ್ಟೇ ಹಿಡಿಯಿರಿ. ಮುಂಬದಿಯ ಧೂಳನ್ನು ಕ್ಯಾಮೆರಾ ಲೆನ್ಸಿಗೆ ಊದುವ ರಬ್ಬರ್ ಬುರುಡೆಯಿಂದ ಊದಿ. ಒದ್ದೆ ಬಟ್ಟೆ, ಕಾಲಿನ್ ಯಾವುದೂ ಬೇಡ. ಹಳೆಯ ಸ್ಟುಡಿಯೋಗಳ ಬಣ್ಣ ಗೋಂದು ಬೆರೆಸಿದ್ದು, ನೀರು ಸೋಕಿದರೆ ಎದ್ದುಬರುತ್ತದೆ. ಹಿಂದೆ ದೌಗಾ ಕಾಗದ ಅಂಟಿಕೊಂಡಿದ್ದರೆ ಹಾಗೇ ಇರಲಿ. ಎಳೆದು ಬಿಡಿಸಿದರೆ ಬಣ್ಣ ಕಾಗದದ ಜೊತೆ ಹೋಗುತ್ತದೆ, ಕಾಗದದ ಚೂರು ಬಣ್ಣದ ಜೊತೆ ಉಳಿಯುತ್ತದೆ, ಎರಡೂ ಹಾಳು.

ಇಡುವ ಜಾಗದ ವಿಷಯಕ್ಕೆ ಬಂದರೆ ದೊಡ್ಡ ಶತ್ರು ಏರ್ ಕೂಲರ್. ಸೆಕೆ ತಡೆಯಲಾರದೆ ಸೆಲ್ ಇರುವ ಕೋಣೆಯಲ್ಲೇ ಕೂಲರ್ ಹಚ್ಚಿದರೆ, ಅದು ಹುಲ್ಲಿನ ಪ್ಯಾಡಿನಿಂದ ನೀರನ್ನೇ ಗಾಳಿಗೆ ತುಂಬುತ್ತದೆ. ಬಿಸಿ ಸ್ವಲ್ಪ ಇಳಿದರೂ ತೇವ ಏರುತ್ತದೆ. ವಿನೆಗರ್ ವಾಸನೆಗೆ ಬೇಕಾದ ಎರಡನೆಯ ಸಾಮಾನನ್ನು ನಾವೇ ತಂದುಕೊಟ್ಟ ಹಾಗೆ. ಹಾಗೆಂದು ಒಣಹವೆ ಪೂರ್ತಿ ಕ್ಷೇಮವೂ ಅಲ್ಲ. ಬಿಸಿಗಾಳಿ ಬೀಸುವ ಮಧ್ಯಾಹ್ನ ತೇವಾಂಶ ತಳ ಹಿಡಿದಾಗ ಗೋಂದಿನ ಬಣ್ಣ ಬೇಸಿಗೆ ಕೆರೆಯ ಮಣ್ಣಿನ ಹಾಗೆ ಬಿರಿಯುತ್ತದೆ. ಶೇಕಡಾ 40ರಿಂದ 50ರ ತೇವಾಂಶ ಒಳ್ಳೆಯದು, ಅದಕ್ಕಿಂತ ಮುಖ್ಯವಾದದ್ದು ಅದು ದಿನಕ್ಕೆ ನಾಲ್ಕು ಸಲ ಏರಿಳಿಯದಿರುವುದು. ಕೆಲವು ನೂರು ರೂಪಾಯಿಯ ಹೈಗ್ರೋಮೀಟರ್ ತಂದು ಬೀರುವಿನ ಒಳಗೇ ಇಡಿ, ಗೋಡೆಗಲ್ಲ.

ಮೇಲ್ಮಹಡಿಯ ಆರ್‌ಸಿಸಿ ಕೋಣೆ ಬೇಡ, ಪಡುವಣ ಗೋಡೆ ಬೇಡ. ಮನೆಯ ನಡುವಿನ, ಹೊರಗೋಡೆಗೆ ತಾಗದ ಕೋಣೆಯಲ್ಲಿ ಬೀರು, ಬೀರುವಿನಲ್ಲಿ ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಫೋಲ್ಡರು: ಪದರ ಹೆಚ್ಚಿದಷ್ಟೂ ಏರಿಳಿತ ಒಳಗೆ ಮುಟ್ಟುವುದು ನಿಧಾನ. ಹಳ್ಳಿಯ ಮಣ್ಣಿನ ಮಾಳಿಗೆ ಮನೆ ತಂಪಿನಲ್ಲಿ ಇದಕ್ಕೆ ಹೇಳಿ ಮಾಡಿಸಿದ್ದು, ಮೇಲಿನಿಂದ ಉದುರುವ ಮಣ್ಣಿಗೆ ಮುಚ್ಚಳವಿದ್ದರೆ ಆಯಿತು. ಸಂಡೂರು ಕಡೆಯ ಕೆಂಪು ಅದಿರು ಧೂಳು, ಶಕ್ತಿನಗರದ ಬೂದಿ, ಕೊಪ್ಪಳದ ಕಾರ್ಖಾನೆಗಳ ಕಪ್ಪು ಪುಡಿ ಮೂರೂ ಪ್ಲಾಸ್ಟಿಕ್ ಮೇಲೆ ಉಪ್ಪುಕಾಗದದ ಕೆಲಸ ಮಾಡುತ್ತವೆ. ಅದಕ್ಕೇ ಒರೆಸಬಾರದು, ಊದಬೇಕು ಎಂದದ್ದು.

ಚೀಲ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರಿನದಿರಲಿ, ಪಿವಿಸಿ ಅಲ್ಲ. ಹೊಸ ಶಾಲಾ ಬ್ಯಾಗಿನ ವಾಸನೆ ಬರುವ ಮೆತ್ತನೆ ಪ್ಲಾಸ್ಟಿಕ್ ಎಲ್ಲ ಅನುಮಾನದ್ದೇ. ಚೀಲದ ಬಾಯಿ ಅಂಟಿಸಬೇಡಿ. ಹೊರಬಿದ್ದ ಆಮ್ಲಕ್ಕೆ ಹೋಗಲು ದಾರಿ ಬೇಕು, ಕೂಡಿಹಾಕಿದರೆ ಅದು ಒಳಗೇ ಕೂತು ಕೊರೆಯುತ್ತದೆ. ಸೆಲ್‌ಗೂ ಅದರ ಕಾಗದಕ್ಕೂ ನಡುವೆ ಆಮ್ಲರಹಿತ ಹಾಳೆ ಇಡಿ. ಒಂದರ ಮೇಲೊಂದು ಹತ್ತಕ್ಕಿಂತ ಹೆಚ್ಚು ಪೇರಿಸಬೇಡಿ. ಬೀರುವಿನಲ್ಲಿ ಸೀರೆಗೆಂದು ಹಾಕಿದ ಡಾಂಬರು ಗುಳಿಗೆ ಇದ್ದರೆ ಬೇರೆ ಕಡೆ ಸಾಗಹಾಕಿ, ಅದರ ಆವಿ ಪ್ಲಾಸ್ಟಿಕ್ಕಿಗೆ ಒಗ್ಗದು. ಫ್ರಿಜ್ಜಿನಲ್ಲಿ ಇಡುವ ಉಪಾಯ ಕೆಲವರಿಗೆ ಹೊಳೆಯುತ್ತದೆ. ಕರೆಂಟು ಹೋಗಿ ಬಂದಾಗಲೆಲ್ಲ ಒಳಗೆ ಬೆವರುವ ಪೆಟ್ಟಿಗೆ ಅದು.

ಝೆರಾಕ್ಸ್ ಅಂಗಡಿಯವರು ಪ್ರೀತಿಯಿಂದಲೇ 'ಲ್ಯಾಮಿನೇಷನ್ ಮಾಡಿಕೊಡ್ಲಾ' ಎನ್ನುತ್ತಾರೆ. ಬಿಸಿ ರೋಲರಿನಡಿ ಹೋದ ಸೆಲ್ ಮತ್ತೆ ಬರುವುದಿಲ್ಲ. ದೇವರ ಫೋಟೋಗೆ ಕಟ್ಟು ಹಾಕುವವರ ಹತ್ತಿರ ಹೋಗುವುದು ತಪ್ಪಲ್ಲ, ಆದರೆ ಹೇಳಿ ಮಾಡಿಸಬೇಕು: ಗಾಜು ಸೆಲ್‌ಗೆ ತಾಗಬಾರದು, ನಡುವೆ ದಪ್ಪ ಮೌಂಟ್ ಬೋರ್ಡಿನ ಕಿಟಕಿ ಬೇಕು. ಹಿಂದೆ ಹಾರ್ಡ್‌ಬೋರ್ಡ್ ನೇರವಾಗಿ ತಾಗಬಾರದು. ಫೆವಿಕಾಲ್, ಸೆಲ್ಲೋಟೇಪು ಎರಡೂ ಕೂಡದು, ಮೂಲೆಗಳನ್ನು ಕಾಗದದ ಚಿಕ್ಕ ಜೇಬುಗಳಲ್ಲಿ ಕೂರಿಸಬೇಕು. ಹಿಂಬದಿಯನ್ನು ಪೂರ್ತಿ ಟೇಪು ಸುತ್ತಿ ಮುಚ್ಚಬಾರದು. ಜಪಾನಿನ ಸೆಲ್‌ಗಳ ಕಪ್ಪು ಗೆರೆ ಬೆಳಕಿಗೆ ಮಾಸುವುದರಲ್ಲಿ ಕುಖ್ಯಾತ, ಬಣ್ಣ ಉಳಿದು ಕಣ್ಣು ಮೂಗಿನ ಗೆರೆ ಮಾಯವಾದ ಪಾತ್ರಗಳು ಮಾರಾಟಕ್ಕೆ ಬರುತ್ತಲೇ ಇರುತ್ತವೆ. ಪಡಸಾಲೆಯಲ್ಲಿ ತೂಗುಹಾಕಲೇಬೇಕೆಂದರೆ ಒಳ್ಳೆಯ ಸ್ಕ್ಯಾನ್ ಪ್ರಿಂಟ್ ತೂಗುಹಾಕಿ, ಅಸಲಿ ಬೀರುವಿನಲ್ಲಿರಲಿ. ಬಂದವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತಾಗುವಂಥವರು ಬಂದರೆ ಬೀರು ತೆಗೆದು ತೋರಿಸಿದರಾಯಿತು. ಬಣ್ಣ ಸಡಿಲಗೊಂಡ ಸೆಲ್ಲನ್ನು ಸ್ಕ್ಯಾನರಿನ ಮುಚ್ಚಳದಡಿ ಒತ್ತದೆ ಕ್ಯಾಮೆರಾದಲ್ಲೇ ಮೇಲಿನಿಂದ ತೆಗೆಯಿರಿ.

ಆಮ್ಲ ಎಷ್ಟು ಬಿಡುಗಡೆಯಾಗಿದೆ ಎಂದು ಮೂಗಿಗಿಂತ ಮೊದಲೇ ಹೇಳುವ ಎ-ಡಿ ಪಟ್ಟಿಗಳಿವೆ. ನೀಲಿ ಕಾಗದದ ಚಿಕ್ಕ ತುಂಡನ್ನು ಸೆಲ್ ಇರುವ ಪೆಟ್ಟಿಗೆಯಲ್ಲಿಟ್ಟು ಒಂದು ಇಡೀ ದಿನ ಮುಚ್ಚಿಡಬೇಕು. ನೀಲಿಯೇ ಉಳಿದರೆ ಚಿಂತೆಯಿಲ್ಲ, ಹಸಿರಿಗೆ ತಿರುಗಿದರೆ ಶುರುವಾಗಿದೆ, ಹಳದಿಯಾದರೆ ಬಹಳ ಮುಂದೆ ಹೋಗಿದೆ. ಯುಗಾದಿಗೊಮ್ಮೆ, ಬೇಸಿಗೆ ಕಳೆದು ಮಳೆ ಹಿಡಿದ ಮೇಲೆ ಮತ್ತೊಮ್ಮೆ ಇಟ್ಟು ನೋಡಿ. ಹಸಿರಾದ ಪೆಟ್ಟಿಗೆಯ ಸೆಲ್‌ಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಿ, ಕೆಟ್ಟದ್ದನ್ನು ಬೇರೆ ಪೆಟ್ಟಿಗೆಗೆ ಹಾಕಿ, ಬೇರೆ ಕೋಣೆಯಲ್ಲೇ ಇಡಿ. ಅದರ ಆವಿ ಪಕ್ಕದ್ದನ್ನೂ ಹಿಡಿಯುತ್ತದೆ.